ಸಿದ್ಧರಾಮರ ಜಾತ್ರೆಯೂ ನಮ್ಮ ವಿದ್ಯೆಯೂ

ಮಕರ ಸಂಕ್ರಾಂತಿ ಬಂದಿತೆಂದರೆ ಸೊಲ್ಲಾಪುರದಲ್ಲಿ ಶಿವಯೋಗಿ ಸಿದ್ಧರಾಮರ ಜಾತ್ರೆ. ಬಿಳಿಯ ಉಡುಪಿನ ಭಕ್ತರು ಏಳು ನಂದಿಧ್ವಜಗಳನ್ನು ಹೊತ್ತು, ಅವರು ಊರ ಸುತ್ತ ಸ್ಥಾಪಿಸಿದರೆಂದು ನಂಬಲಾದ 68 ಲಿಂಗಗಳ ದರ್ಶನಕ್ಕೆ ಹೊರಡುತ್ತಾರೆ. ತಮ್ಮನ್ನು ವರಿಸಬಯಸಿದ ಕುಂಬಾರ ಕನ್ಯೆಗೆ ಸಿದ್ಧರಾಮರು ತಮ್ಮ ಯೋಗದಂಡವನ್ನು ವರಿಸಲು ಸಮ್ಮತಿಯಿತ್ತರೆಂಬ ಐತಿಹ್ಯವನ್ನು ಅಕ್ಷತೆಯ ಸಮಾರಂಭ ನೆನಪಿಸುತ್ತದೆ. ಊರು ಮಹಾರಾಷ್ಟ್ರದಲ್ಲಿದ್ದರೂ ಸಿದ್ಧರಾಮರ ವಚನಗಳು ಕನ್ನಡದವು. ಅವರ ಚರಿತ್ರೆಯನ್ನು ಬರೆದ ರಾಘವಾಂಕನೂ ಕನ್ನಡ ಕವಿ. ಆದುದರಿಂದ ಇದು ನಮಗೆ ನೆರೆಮನೆಯ ಮಾತಲ್ಲ.

ಇಂತಹ ಮೆರವಣಿಗೆಗಳು ಬರಿಯ ಕಾಲಹರಣವೆಂಬುದು ನಮ್ಮಲ್ಲಿ ಕೆಲವರ ವಾದ. ನಾನು ಅದನ್ನು ಒಪ್ಪಲಾರೆ. ಗ್ರಂಥಗಳನ್ನು ಓದಲಾರದ ಜನರು 12ನೆಯ ಶತಮಾನದ ಶರಣನೊಬ್ಬನನ್ನು ನಡೆದು ನಡೆದೇ ನೆನಪಿನಲ್ಲಿ ಉಳಿಸಿಕೊಂಡಿದ್ದಾರೆ. ಅದೇನು ಸಣ್ಣ ಸಾಧನೆಯೇ?

ಆದರೆ ನಾವು ನೆನೆಯಬೇಕಾದುದು ಯಾವ ಸಿದ್ಧರಾಮರನ್ನು? ಸೊನ್ನಲಿಗೆಯಲ್ಲಿ ಗುಡಿಯನ್ನೂ ಕೆರೆಯನ್ನೂ ಕಟ್ಟಿಸಿ, ಅದನ್ನು ಪುಣ್ಯಕ್ಷೇತ್ರವಾಗಿಸಿದವರನ್ನು. ಅಲ್ಲಮಪ್ರಭು ಅಲ್ಲಿಗೆ ಬಂದು ‘ಒಡ್ಡರಾಮ’ನೆಲ್ಲಿ ಎಂದು ಕೇಳಿದಾಗ, ಕೆಲಸ ಮಾಡುತ್ತಿದ್ದ ಶಿಷ್ಯರು ಸಿಟ್ಟಿಗೆದ್ದು ಕಲ್ಲೆಸೆದರೆಂದು ‘ಶೂನ್ಯಸಂಪಾದನೆ’ಯ ಕಥೆಯಿದೆ. ಅಲ್ಲಮನ ಪ್ರಶ್ನೆಯ ಗೂಢಾರ್ಥವನ್ನು ಪಂಡಿತರು ಬಿಡಿಸಲಿ. ಗುರುವನ್ನು ಮಣ್ಣು ಅಗೆಯುವವನೆಂದು ಕರೆದದ್ದು ಶಿಷ್ಯರಿಗೆ ಅವಮಾನವೆನಿಸಿತಲ್ಲ, ನನ್ನನ್ನು ಕಾಡುವುದು ಅದು. ಅದೇ ಸಿದ್ಧರಾಮರನ್ನು ಕಲ್ಲು ಮಣ್ಣಿನ ಕಾಯಕದ ಭೋವಿ ಜನರು ಇಂದು ತಮ್ಮ ಗುರುವೆಂದು ಪೂಜಿಸುತ್ತಾರೆ.

ಆ ಅವಮಾನ ಇನ್ನೂ ನಮ್ಮ ಮನಸ್ಸಿನಿಂದ ಹೋಗಿಲ್ಲ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಸಾಲಿಗೆ ಬಂದಾಗ ಲೇಖನಿ ತಡೆಯುವ ಗೆಳೆಯರನ್ನು ಕಂಡಿದ್ದೇನೆ. ನನ್ನ ತಂದೆ ರಸ್ತೆಗೆ ಮಣ್ಣು ಹೊತ್ತು ನನ್ನನ್ನು ಬಿ.ಎ. ತರಗತಿಯವರೆಗೆ ತಂದವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವಿದ್ಯೆಯು ಬುಟ್ಟಿ ಹೊತ್ತ ತಲೆಯನ್ನು ಕಂಡು ನಾಚುವುದನ್ನು ಕಲಿಸುವುದಾದರೆ ಅಂತಹ ವಿದ್ಯೆಯಿಂದ ಏನು ಫಲ?

ಕರ್ನಾಟಕದಲ್ಲಿ ಸಿದ್ಧರಾಮರ ಜಯಂತಿಯನ್ನು ಜನವರಿಯಲ್ಲಿ ಸರ್ಕಾರವೇ ಆಚರಿಸುತ್ತದೆ. ಭಾವಚಿತ್ರಕ್ಕೆ ಹಾರ ಹಾಕೋಣ, ಬೇಡವೆನ್ನೆನು. ಆದರೆ ಅಂದು ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಅಧ್ಯಾಪಕರೊಡನೆ ನಮ್ಮೂರ ಕೆರೆಗೆ ಹೋಗಿ, ಅರ್ಧ ದಿನವಾದರೂ ಹೂಳು ಎತ್ತಬೇಕೆಂಬುದು ನನ್ನ ಸೂಚನೆ. ಬುಟ್ಟಿ ಹಿಡಿಯುವ ಬಗೆ ತಿಳಿಯದಿದ್ದರೆ ತೋರಿಸಿಕೊಡುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರನ್ನೂ ಕರೆಯೋಣ.