ರಸೀದಿ ಬ್ಯಾಡ, ಷೇರು ಬೇಕು

ಸುಗ್ಗಿ ಮುಗಿದು ತೊಗರಿ ರಾಶಿ ಮನೆ ಸೇರಿತೆಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಊರುಗಳಲ್ಲಿ ಜಾತ್ರೆ, ಉರುಸು, ಅವುಗಳ ಬೆನ್ನಿಗೇ ಕಬಡ್ಡಿ ಪಂದ್ಯಗಳು ಶುರುವಾಗುತ್ತವೆ. ಊರ ಮುಂದಿನ ಬಯಲಿಗೆ ನೀರು ಹೊಡೆದು ಹದ ಮಾಡಿ, ಸುಣ್ಣದ ಗೆರೆ ಎಳೆದು, ಮೈಕು ಕಟ್ಟಿದರೆ ಆಯಿತು. ಬಹುಮಾನಕ್ಕೆ ಅಡತಿ ಅಂಗಡಿಯವರು, ಗೊಬ್ಬರದ ಅಂಗಡಿಯವರು ರೊಕ್ಕ ಕೊಡ್ತಾರ. ಮೈಕಿನವನ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಯಾದಗಿರಿ, ಗುರುಮಠಕಲ್, ರಾಯಚೂರು ಕಡೆಯ ತಂಡಗಳು ಇಲ್ಲಿಗೆ ಬರ್ತಾವ, ಇಲ್ಲಿಯವು ಅಲ್ಲಿಗೆ ಹೋಗ್ತಾವ. ಯಾವ ರಾಜ್ಯದವನೆಂದು ಅಂಕಣದಲ್ಲಿ ಯಾರೂ ಕೇಳುವುದಿಲ್ಲ.

ಹೀಗೆ ಖುಷಿಗೆ ಆಡುವ ಹುಡುಗರು ಜಿಲ್ಲಾ ಕಬಡ್ಡಿ ಸಂಘದಲ್ಲಿ, ಅದರ ಮೂಲಕ ರಾಜ್ಯ ಸಂಘದಲ್ಲಿ ಹೆಸರು ಹಚ್ಚಬೇಕೋ ಬೇಡವೋ? ಈ ಪ್ರಶ್ನೆಯನ್ನು ಅಪ್ಪಂದಿರೂ ಕೇಳುತ್ತಾರೆ, ಹುಡುಗರೂ ಕೇಳುತ್ತಾರೆ. "ನಾವು ಹೊಲ ಮನಿ ಮಾಡ್ಕೊಂಡು ವರ್ಷಕ್ಕ ನಾಕು ಆಟ ಆಡೋರು, ನಮಗ್ಯಾಕ ಬೇಕ್ರಿ ಸಂಘ?" ಎನ್ನುವವರೇ ಹೆಚ್ಚು. ಹೆಸರು ಹಚ್ಚಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಈಗ ಹಚ್ಚುತ್ತಿರುವ ರೀತಿಯಲ್ಲಿ ಅಲ್ಲ.

ಯಾಕೆ ಬೇಕು ಎಂಬುದನ್ನು ಮೊದಲು ಹೇಳುತ್ತೇನೆ. ಮಾರುಕಟ್ಟೆಯ ಮಾತಿನಲ್ಲೇ ಹೇಳುವುದಾದರೆ, ನೀವು ಒಳಗೆ ಬರಲಿ ಬಿಡಲಿ, ತೂಕದ ಕಲ್ಲು ಇರುವುದು ಸಂಘದ ಕೈಯಲ್ಲಿ. ಆಟ ಮಣ್ಣಿನಿಂದ ಮ್ಯಾಟಿಗೆ ಹೋದದ್ದನ್ನು ನೋಡಿರಿ. ಅದನ್ನು ತೀರ್ಮಾನಿಸಿದವರು ನಮ್ಮ ಊರಿನವರಲ್ಲ. ಎರೆ ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿ ಪಳಗಿದ ಹುಡುಗ ಆಯ್ಕೆಗೆ ಹೋಗಿ ಮೊದಲ ಸಲ ಬೂಟು ಹಾಕಿ ಮ್ಯಾಟಿನ ಮೇಲೆ ನಿಂತರೆ ಕಾಲು ಎತ್ತಲಿಕ್ಕೆ ಬರೋದಿಲ್ಲ. ಮಣ್ಣಿನಲ್ಲಿ ಜಾರಿ ಗೆರೆ ಮುಟ್ಟುತ್ತಿದ್ದವನ ಪಾದ ಅಲ್ಲಿ ಹಿಡಿದು ನಿಲ್ಲುತ್ತದೆ, ಮೊಳಕಾಲು ತಿರುಗುತ್ತದೆ. "ಪ್ರತಿ ತಾಲ್ಲೂಕಿಗೆ ಒಂದು ಮ್ಯಾಟು ಕೊಡ್ರಿ, ಆಮ್ಯಾಲ ಆಯ್ಕೆ ಮಾಡ್ರಿ" ಎಂದು ಕೇಳುವ ಹಕ್ಕು ಹೊರಗೆ ನಿಂತವನಿಗೆ ಇಲ್ಲ.

ನೌಕರಿಯ ಮಾತೂ ಇದೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾಕ್ಕೆ ಪ್ರಮಾಣ ಪತ್ರ ಕೊಡಬೇಕಾದವರು ರಾಷ್ಟ್ರೀಯ ಫೆಡರೇಶನ್ನು, ರಾಜ್ಯ ಸಂಸ್ಥೆ, ವಿಶ್ವವಿದ್ಯಾಲಯ ಅಥವಾ ಶಾಲಾ ಕ್ರೀಡೆಗಳ ಅಧಿಕಾರಿಗಳು. ಜಾತ್ರೆಯಲ್ಲಿ ಗೆದ್ದ ಹತ್ತು ಕಪ್ಪುಗಳನ್ನು ಗೋಡೆಗೆ ಸಾಲಾಗಿ ಇಟ್ಟರೂ ಆ ಅರ್ಜಿಗೆ ಒಂದೂ ಹತ್ತುವುದಿಲ್ಲ. ಡಿಗ್ರಿ ಮುಗಿಸಿ ರೈಲ್ವೆ ನೌಕರಿ ಅಂತ ಓಡಾಡುವ ಹುಡುಗನಿಗೆ ಇದು ಸಣ್ಣ ಮಾತಲ್ಲ.

ಇಷ್ಟಾದರೂ ಈ ಸಂಸ್ಥೆಗಳ ಚರಿತ್ರೆ ನಂಬಿಕೆ ಹುಟ್ಟಿಸುವಂಥದಲ್ಲ ಎಂಬುದೂ ನಿಜ. ಕಬಡ್ಡಿಯ ರಾಷ್ಟ್ರೀಯ ಫೆಡರೇಶನ್ನಿನಲ್ಲಿ ಎರಡು ದಶಕಕ್ಕೂ ಮೀರಿ ಅಧ್ಯಕ್ಷರಾಗಿದ್ದವರು ಕೊನೆಗೆ ಆಜೀವ ಅಧ್ಯಕ್ಷರಾದರು, ಅವರ ಪತ್ನಿ ಅಧ್ಯಕ್ಷೆಯಾದರು. 2018ರಲ್ಲಿ ದಿಲ್ಲಿ ಹೈಕೋರ್ಟು ಎರಡನ್ನೂ ರದ್ದು ಮಾಡಿ ಆಡಳಿತಾಧಿಕಾರಿಯನ್ನು ಕೂಡಿಸಿತು. 2023ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಸಮಿತಿಗೆ ಅಧಿಕಾರ ಸಿಕ್ಕಿದ್ದು 2025ರ ಫೆಬ್ರವರಿಯಲ್ಲಿ, ಅದೂ ಸುಪ್ರೀಂ ಕೋರ್ಟು ಹೇಳಿದ ಮೇಲೆ. ಕ್ರಿಕೆಟ್ಟಿನ ಕಥೆ ಇದಕ್ಕಿಂತ ಮಿಗಿಲು. ಹೈದರಾಬಾದ್ ಕ್ರಿಕೆಟ್ ಸಂಸ್ಥೆಯನ್ನು ಸರಿಪಡಿಸಲು 2023ರಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅವರು, ಒಬ್ಬೊಬ್ಬರ ಕೈಯಲ್ಲಿ ಹಲವು ಕ್ಲಬ್ಬುಗಳು ಇದ್ದದ್ದನ್ನು ಕಂಡು 57 ಕ್ಲಬ್ಬುಗಳನ್ನು ಚುನಾವಣೆಯಿಂದ ದೂರ ಇಟ್ಟರು. ಆ ಚುನಾವಣೆಯಲ್ಲಿ ಗೆದ್ದ ಅಧ್ಯಕ್ಷರನ್ನೇ 2025ರ ಜುಲೈನಲ್ಲಿ ತೆಲಂಗಾಣ ಸಿಐಡಿ ಬಂಧಿಸಿತು. ಆರೋಪದ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಓಟಿನ ಲೆಕ್ಕ ನೋಡಿರಿ: ಅಲ್ಲಿನ ಓಟುಗಳಲ್ಲಿ ಬಹುಪಾಲು ಹೈದರಾಬಾದಿನ ಕ್ಲಬ್ಬುಗಳವು. ಮಕ್ತಲ್ಲಿನ ಬಯಲಿನಲ್ಲಿ ಟೆನಿಸ್ ಬಾಲಿನಲ್ಲಿ ಆಡುವ ಹುಡುಗನಿಗೆ ಅಲ್ಲಿ ಯಾವ ಲೆಕ್ಕ?

ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮ ರೈತರಿಗೆ ಸಹಕಾರ ಸಂಘ ಗೊತ್ತು. ಷೇರು ಕಟ್ಟಿದವನಿಗೆ ಓಟು ಉಂಟು, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು "ಸಾಲದ ಲೆಕ್ಕ ತೋರಸ್ರಿ" ಎಂದು ಕೇಳುವ ಅಧಿಕಾರ ಉಂಟು. ಎಲ್ಲರೂ ಕೇಳ್ತಾರಂತಲ್ಲ, ಕೇಳಲಿಕ್ಕೆ ಬರ್ತದ. ಆಟದ ಸಂಘದಲ್ಲಿ ಸಾಮಾನ್ಯವಾಗಿ ನಡೆಯುವುದೇ ಬೇರೆ. ಆಟಗಾರ ಫೋಟೊ, ಆಧಾರ್ ಪ್ರತಿ, ಶುಲ್ಕ ಕೊಡುತ್ತಾನೆ, ರಸೀದಿ ಸಿಗುತ್ತದೆ. ರಾಜ್ಯ ಸಂಘದ ಸಭೆಗೆ ಹೋಗಿ ಓಟು ಹಾಕುವವರು ಜಿಲ್ಲಾ ಸಂಘದ ಪದಾಧಿಕಾರಿಗಳು. ಆ ಪದಾಧಿಕಾರಿಗಳನ್ನು ಆರಿಸಿದವರು ಯಾರು ಎಂದು ಕೇಳಿದರೆ ಉತ್ತರ ಸ್ಪಷ್ಟ ಇರುವುದಿಲ್ಲ. ರಸೀದಿ ಇದ್ದವನು ಗಿರಾಕಿ. ಷೇರು ಇದ್ದವನು ಪಾಲುದಾರ. ಎರಡೂ ಒಂದೇ ಅಲ್ಲವೆಂದು ವ್ಯಾಪಾರಸ್ಥರಿಗೆ ನಾನು ತಿಳಿಸಿ ಹೇಳಬೇಕಾಗಿಲ್ಲ.

ಗಾಲ್ಫ್ ನಮ್ಮ ಕಡೆಯ ಆಟವಲ್ಲ, ಆದರೆ ಅಲ್ಲಿಂದ ಒಂದು ಉದಾಹರಣೆ ತರುತ್ತೇನೆ. ಇಂಗ್ಲೆಂಡಿನಲ್ಲಿ ಯಾವ ಕ್ಲಬ್ಬಿಗೂ ಸೇರದೆ, ಬಿಡುವಿದ್ದಾಗ ಹೋಗಿ ಆಡಿ ಬರುವವರು ಬಹಳ ಮಂದಿ. ಅಂಥವರಿಗಾಗಿ ಅಲ್ಲಿನ ಗಾಲ್ಫ್ ಸಂಸ್ಥೆ 2021ರಲ್ಲಿ ಐಗಾಲ್ಫ್ ಎಂಬ ಯೋಜನೆ ತೆರೆಯಿತು. ಆರಂಭದಲ್ಲಿ ವರ್ಷಕ್ಕೆ 40 ಪೌಂಡು. ಅದಕ್ಕೆ ಪ್ರತಿಯಾಗಿ ಆಟಗಾರನ ಬಲಾಬಲ ತೋರಿಸುವ ಅಧಿಕೃತ ಅಂಕ ಸಿಗುತ್ತದೆ. ಅವನು ಹೊಡೆದ ಚೆಂಡು ಯಾರಿಗಾದರೂ ಬಡಿದರೆ ಪರಿಹಾರಕ್ಕೆ ವಿಮೆಯೂ ಸಿಗುತ್ತದೆ. ಕೊಟ್ಟ ಹಣಕ್ಕೆ ಏನು ಬರುತ್ತದೆ ಎಂಬುದು ಮೊದಲೇ ಬರಹದಲ್ಲಿ ಇದೆ. ಅವರು ಸಾಹುಕಾರರು, ಅವರಿಗೆ ನಡೀತದ ಎನ್ನಬೇಡಿರಿ. ವಿಮೆ ಬೇಕಾದದ್ದು ಗಾಲ್ಫ್ ಆಡುವವನಿಗಿಂತ ಕಬಡ್ಡಿ ಆಡುವವನಿಗೆ ಜಾಸ್ತಿ.

ಮೊಳಕಾಲಿನ ನರ ಹರಿದ ಹುಡುಗ ಒಂದು ಹಂಗಾಮು ನೇಗಿಲ ಹಿಂದೆ ನಡೆಯಲಾರ, ಮೂಟೆ ಹೊರಲಾರ. ಶಸ್ತ್ರಚಿಕಿತ್ಸೆಗೆ ರಾಯಚೂರಿಗೋ ಹೈದರಾಬಾದಿಗೋ ಹೋಗಬೇಕು. ಕಪ್ಪು ಕೊಟ್ಟವರು ಹೆಚ್ಚೆಂದರೆ ನೋಡಲು ಬಂದು ಹಣ್ಣು ಕೊಟ್ಟು ಹೋಗ್ತಾರ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆಯಲ್ಲ ಎನ್ನುವವರಿದ್ದಾರೆ. ವರ್ಷಕ್ಕೆ 20 ರೂಪಾಯಿ, ಬ್ಯಾಂಕ್ ಖಾತೆ ಇರುವ 18ರಿಂದ 70 ವಯಸ್ಸಿನವರಿಗೆ ಸಿಗುತ್ತದೆ, ಮಾಡಿಸದವರು ಮಾಡಿಸಿಕೊಳ್ಳಿರಿ. ಆದರೆ ಅದು ಅಪಘಾತದಲ್ಲಿ ಸತ್ತರೆ ಅಥವಾ ಕಾಯಂ ಅಂಗವಿಕಲನಾದರೆ ಕೊಡುವ ಹಣ, ಮುರಿದ ಕಾಲಿನ ಆಸ್ಪತ್ರೆ ಬಿಲ್ಲಲ್ಲ. ಸಂಘ ಶುಲ್ಕ ತೆಗೆದುಕೊಂಡರೆ ಆಟದ ಗಾಯದ ವಿಮೆಯನ್ನೂ ಮಾಡಿಸಬೇಕು. ಬಹುಮಾನದ ಹಣ ಕೊಡುವ ಅಂಗಡಿಯವರೂ "ಮೊದಲ ವಿಮಾ, ಆಮ್ಯಾಲ ಕಪ್ಪು" ಎಂದು ಪಟ್ಟು ಹಿಡಿದರೆ ಪಂದ್ಯ ನಡೆಸುವವರು ಕೇಳದೆ ಇರಲಾರರು.

ಗಡಿಯ ತೊಡಕು ಬೇರೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಕೊಡಂಗಲ್, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಗೆರೆ ಬದಲಾಯಿತು, ನಂಟಸ್ತನ ಬದಲಾಗಲಿಲ್ಲ, ಆಟವೂ ಬದಲಾಗಲಿಲ್ಲ. ಈಗ ತೆಲಂಗಾಣದಲ್ಲಿ ಹೆಸರು ಹಚ್ಚಿದವನು ಕರ್ನಾಟಕದ ಪರ ಆಡಬೇಕಾದರೆ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ. ರಾಜ್ಯ ತಂಡದ ಮಟ್ಟಿಗೆ ಅದು ಸರಿಯೇ. ಆದರೆ ಮಾನ್ಯತೆ ಇಲ್ಲದ ಪಂದ್ಯದಲ್ಲಿ ಆಡಬಾರದೆಂಬ ಮಾತನ್ನು ಜಾತ್ರೆಯ ಆಟದವರೆಗೂ ಎಳೆದರೆ ಹೇಗೆ? ಇದು ಬರಿ ಊಹೆಯ ಭಯವಲ್ಲ. 2019ರಲ್ಲಿ ಪ್ರತಿಸ್ಪರ್ಧಿ ಸಂಸ್ಥೆಯೊಂದು ಪುಣೆ, ಮೈಸೂರು, ಬೆಂಗಳೂರುಗಳಲ್ಲಿ ಕಬಡ್ಡಿ ಲೀಗ್ ನಡೆಸಿದಾಗ ಹಳೆಯ ಫೆಡರೇಶನ್ನು ಅದಕ್ಕೆ ಮಾನ್ಯತೆ ಕೊಡಲಿಲ್ಲ, ಆಡಿದವರು ಇಕ್ಕಟ್ಟಿಗೆ ಸಿಕ್ಕರು. ಕೃಷ್ಣಾ ಮಂಡಲದ ಹುಡುಗ ಹೊಳೆ ದಾಟಿ ದೇವಸೂಗೂರಿನಲ್ಲಿ ಆಡಿ ಬಂದರೆ ಅವನ ಹೆಸರು ಹೊಡೆಯುವುದಿಲ್ಲವೆಂದು ಜಿಲ್ಲಾ ಸಂಘ ಮೊದಲೇ ಬರೆದುಕೊಡಲಿ.

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ರಾಷ್ಟ್ರೀಯ ಸಂಸ್ಥೆಯ ಕಾರ್ಯಕಾರಿ ಸಮಿತಿ ಹದಿನೈದಕ್ಕೆ ಮೀರಬಾರದು, ಅದರಲ್ಲಿ ಕನಿಷ್ಠ ನಾಲ್ವರು ಮಹಿಳೆಯರು, ಇಬ್ಬರು ಹೆಸರಾಂತ ಕ್ರೀಡಾಪಟುಗಳು ಇರಬೇಕು, ವ್ಯಾಜ್ಯಕ್ಕೆ ನ್ಯಾಯಮಂಡಳಿ ಬೇಕು ಎನ್ನುತ್ತದೆ ಕಾಯ್ದೆ. ಒಳ್ಳೆಯದೇ. ಆದರೆ ಅದು ದಿಲ್ಲಿಯ ಕೋಣೆಯ ಮಾತು. ಹತ್ತನೇ ಇಯತ್ತೆ ಮುಗಿದ ಮೇಲೆ ಆಟ ಬಿಟ್ಟ ನಮ್ಮ ಊರ ಹೆಣ್ಣುಮಗಳಿಗೆ ಜಿಲ್ಲಾ ಸಂಘದಲ್ಲಿ ಕೂಡಲು ಒಂದು ಕುರ್ಚಿ ಬೇಕು, ಅದನ್ನು ನಾವೇ ಕೇಳಿ ತೆಗೆದುಕೊಳ್ಳಬೇಕು.

ಕೇಳಲಿಕ್ಕೆ ಇದು ಒಳ್ಳೆ ಹೊತ್ತು. ಗದ್ವಾಲ ಜಿಲ್ಲೆಯಾದದ್ದು 2016ರ ಅಕ್ಟೋಬರ್‌ನಲ್ಲಿ, ನಾರಾಯಣಪೇಟೆ 2019ರ ಫೆಬ್ರವರಿಯಲ್ಲಿ. ಎರಡೂ ಹೊಸ ಜಿಲ್ಲೆಗಳು. ಹಳೆ ಮಹಬೂಬನಗರದಷ್ಟು ಬೇರೂರಿದ ಕುರ್ಚಿಗಳು ಇನ್ನೂ ಇಲ್ಲ. ಮಕ್ತಲ್ ಶಾಸಕ ವಾಕಿಟಿ ಶ್ರೀಹರಿ ಅವರು 2025ರ ಜೂನ್‌ನಲ್ಲಿ ಸಚಿವರಾದಾಗ ಕ್ರೀಡಾ ಖಾತೆಯೂ ಅವರ ಪಾಲಿಗೆ ಬಂತು. ಸಂಘಗಳು ಸರ್ಕಾರದ ಇಲಾಖೆಗಳಲ್ಲ, ಸಚಿವರು ಹೇಳಿದ ಕೂಡಲೇ ಬೈಲಾ ಬದಲಾಗುವುದಿಲ್ಲ. ಆದರೂ ತಾಲ್ಲೂಕಿಗೊಂದು ಮ್ಯಾಟು, ಒಂದು ಮೈದಾನ ಸರ್ಕಾರದ ಕೈಯಲ್ಲೇ ಇರುವ ಕೆಲಸ.

ಉಳಿದದ್ದು ಹುಡುಗರ ಕೆಲಸ. ಒಬ್ಬೊಬ್ಬರೇ ಹೋಗಿ ರಸೀದಿ ಹರಿಸಬೇಡಿರಿ. ಕಬಡ್ಡಿ ಅಂಕಣಕ್ಕೆ ಇಳಿಯಲಿಕ್ಕೆ ಏಳು ಮಂದಿ ಬೇಕು. ತೆಲಂಗಾಣದಲ್ಲಿ ಒಂದು ಸಂಘ ನೋಂದಾಯಿಸಲಿಕ್ಕೂ ಏಳೇ ಮಂದಿ ಸಾಕು, ಕರ್ನಾಟಕದಲ್ಲೂ ಅಷ್ಟೇ. ಊರ ತಂಡವನ್ನೇ ಸಂಘವಾಗಿ ಜಿಲ್ಲಾ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿರಿ. ಆಮೇಲೆ ಹತ್ತಿಪ್ಪತ್ತು ಊರ ಸಂಘಗಳು ಕೂಡಿ ಜಿಲ್ಲಾ ಸಂಘಕ್ಕೆ ಅರ್ಜಿ ಹಾಕಿರಿ, ಪ್ರತಿ ಸಂಘಕ್ಕೂ ಒಂದು ಓಟು, ಗಾಯಕ್ಕೆ ವಿಮೆ, ಗಡಿಯಾಚೆಯ ಜಾತ್ರೆಗೆ ಹೋಗಲು ಮುಕ್ತ ಅವಕಾಶ, ಈ ಮೂರನ್ನೂ ಅರ್ಜಿಯಲ್ಲೇ ಬರೆದು. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಬೈಲಾ ಮಾತ್ರ ತೆಲುಗು, ಕನ್ನಡ ಎರಡರಲ್ಲೂ ಇರಲಿ. ಲೆಕ್ಕ ಓದಿ ಹೇಳಿದಾಗ ಕೃಷ್ಣಾ ಮಂಡಲದ ಅಪ್ಪನಿಗೂ ತಿಳೀಬೇಕಲ್ಲ.