ತೋಳಿನ ಒತ್ತಡವಾಯಿತು, ಕಾಲಿನದು?

ಲೋಧಿ ಕಾಲೋನಿಯ ಎತ್ತರದ ಕಮಾನುಗಳ ಅಡಿಯಿಂದ ಹೊರಟು, ರಸ್ತೆ ದಾಟಿ, ಲೋಧಿ ಉದ್ಯಾನಕ್ಕೆ ಬೆಳಗಿನ ವಾಯುಸೇವನೆಗೆ ಹೋಗುವ ಹಿರಿಯರಲ್ಲಿ ಕನ್ನಡಿಗರೂ ಉಂಟು. 1940ರ ದಶಕದಲ್ಲಿ ಬ್ರಿಟಿಷ್ ಸರಕಾರ ತನ್ನ ನೌಕರರಿಗಾಗಿ ಕಟ್ಟಿಸಿದ ಈ ವಸತಿಗಳಲ್ಲಿ ಮೈಸೂರು, ಧಾರವಾಡ, ಮಂಗಳೂರುಗಳ ಕಡೆಯಿಂದ ಬಂದ ಗುಮಾಸ್ತರೂ ಅಧಿಕಾರಿಗಳೂ ಬಾಳಿ ಹೋಗಿದ್ದಾರೆ. ನಿವೃತ್ತಿಯಾದವರು ಮನೆ ಬಿಟ್ಟುಕೊಟ್ಟು ಮಯೂರ ವಿಹಾರಕ್ಕೋ ನೋಯ್ಡಾಕ್ಕೋ ದ್ವಾರಕಕ್ಕೋ ಹೋದರೆ, ಊರಿನಿಂದ ಮಗನ ಮನೆಗೆಂದು ಬಂದ ವೃದ್ಧ ತಂದೆತಾಯಿಗಳು ಅವರ ಜಾಗವನ್ನು ತುಂಬುತ್ತಾರೆ.

ಇಂಥ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷಗಳಾಗಿವೆ. ಹಿಂದೆ ಉದ್ಯಾನದ ಉತ್ತರಕ್ಕಿರುವ ಸಿಕಂದರ್ ಲೋದಿಯ ಗೋರಿಯವರೆಗೆ ಸರಾಗವಾಗಿ ನಡೆದು ಹಿಂದಿರುಗುತ್ತಿದ್ದವರು ಈಗ ಬಡಾ ಗುಂಬದ ಬರುವಷ್ಟರಲ್ಲಿ ಬೆಂಚು ಹುಡುಕುತ್ತಾರೆ. ಮೀನಖಂಡ ಹಿಡಿದುಕೊಂಡಂತಾಗುತ್ತದೆ, ಎರಡು ನಿಮಿಷ ಕುಳಿತರೆ ಬಿಡುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಕೇಳಿದರೆ, "ವಯಸ್ಸಾಯಿತಲ್ಲ ಸ್ವಾಮಿ" ಎಂಬ ಉತ್ತರ. ಗೆಳೆಯರೂ ತಲೆದೂಗುತ್ತಾರೆ. ಆದರೆ ಇಂತಿಷ್ಟು ದೂರಕ್ಕೆ ಸರಿಯಾಗಿ ಬಂದು, ನಿಂತೊಡನೆ ಹೋಗುವ ನೋವು ವಯಸ್ಸಿನದಲ್ಲ. ಕಾಲಿನ ಧಮನಿಗಳಲ್ಲಿ ರಕ್ತ ಸಾಲದೆ ಸ್ನಾಯುಗಳು ಇಡುವ ಮೊರೆ ಅದು.

ಈ ಹಿರಿಯರನ್ನು ಒಂದು ಲೆಕ್ಕದಲ್ಲಿ ಅದೃಷ್ಟವಂತರೆಂದೇ ಹೇಳಬೇಕು. ಅವರಿಗೆ ನೋವಾದರೂ ತಿಳಿಯುತ್ತಿದೆ. ಮಧುಮೇಹವು ಧಮನಿಗಳನ್ನು ಕಿರಿದುಗೊಳಿಸುವುದರ ಜತೆಗೆ ನರಗಳನ್ನೂ ಮಂಕುಗೊಳಿಸುತ್ತದೆ. ಜೋಮು ಹಿಡಿದ ಕಾಲು ದೂರು ಹೇಳುವುದಿಲ್ಲ. ಜನವರಿಯ ಚಳಿಯಲ್ಲಿ ಬಿಸಿನೀರಿನ ಚೀಲವನ್ನು ಪಾದಕ್ಕೊತ್ತಿಕೊಂಡು ಮಲಗಿದವರಿಗೆ ಬೆಳಿಗ್ಗೆ ಬೊಬ್ಬೆ ಕಂಡಾಗಲೇ ಸುಟ್ಟದ್ದು ಗೊತ್ತಾಗುವುದು. ಮೇ ತಿಂಗಳ ಮಧ್ಯಾಹ್ನ ಲೋಧಿ ರಸ್ತೆಯ ಸಾಯಿಬಾಬಾ ಮಂದಿರದಂಥ ಕಡೆ ಕಾದ ನೆಲದ ಮೇಲೆ ಬರಿಗಾಲಿನಲ್ಲಿ ಸಾಲು ನಿಲ್ಲುವವರ ಪಾಡೂ ಇದೇ. ಗಾಯವಾಗುವುದು ದೊಡ್ಡ ಮಾತಲ್ಲ. ಅದನ್ನು ಮಾಯಿಸುವಷ್ಟು ರಕ್ತ ಕೆಳಗೆ ಇಳಿಯುತ್ತಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ಇಳಿಯದಿದ್ದಲ್ಲಿ ಆಣಿ ಕೆತ್ತಿಕೊಂಡಷ್ಟು ಅಲ್ಪ ಕಾರಣದಿಂದ ಆರಂಭವಾದದ್ದು ಬೆರಳು, ಪಾದ, ಕೊನೆಗೆ ಮೊಣಕಾಲಿನ ಕೆಳಗಿನ ಭಾಗವನ್ನೇ ತೆಗೆಯುವಲ್ಲಿ ಮುಗಿಯಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಉದ್ದಗಲಕ್ಕೂ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ದಾಟಿದೆಯೆಂದು ಅಂದಾಜು ಮಾಡಿತು. ಹೀಗಿರುವಾಗ ಸಂಘಸಂಸ್ಥೆಗಳು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸುವುದು ಸ್ತುತ್ಯರ್ಹವೇ. ಆದರೆ ಅಲ್ಲಿ ನಡೆಯುವುದೇನು? ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆಯನ್ನು ನೋಡುತ್ತಾರೆ, ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುತ್ತಾರೆ, ತೂಕ ಬರೆದುಕೊಳ್ಳುತ್ತಾರೆ, ಉಪ್ಪಿಟ್ಟು ಕಾಫಿ ಕೊಟ್ಟು ಕಳುಹಿಸುತ್ತಾರೆ. ಬಂದವರು ಬೂಟು ಬಿಚ್ಚುವ ಪ್ರಸಂಗವೇ ಬರುವುದಿಲ್ಲ. ಮಧುಮೇಹಿಯ ತಪಾಸಣೆಯಲ್ಲಿ ಬೂಟು ಬಿಚ್ಚಿಸದಿರುವುದು ಅರ್ಧ ಕೆಲಸ ಮಾಡಿದಂತೆ.

ಕಾಲಿನ ಒತ್ತಡ ಅಳೆಯುವುದು ಹೊಸ ವಿದ್ಯೆಯೇನಲ್ಲ. ತೋಳಿಗೆ ಸುತ್ತುವ ಪಟ್ಟಿಯನ್ನು ಇಟಲಿಯ ರಿವಾ-ರೊಚ್ಚಿ ರೂಪಿಸಿದ್ದು 1896ರಲ್ಲಿ. ಸ್ಟೆತಾಸ್ಕೋಪಿನಿಂದ ಶಬ್ದ ಕೇಳಿ ಒತ್ತಡ ಗುರುತಿಸುವ ಕ್ರಮವನ್ನು ರಷ್ಯದ ಕೊರೊಟ್ಕಾಫ್ ತಿಳಿಸಿದ್ದು 1905ರಲ್ಲಿ. ತೋಳಿನ ಮತ್ತು ಕಾಲಿನ ಒತ್ತಡಗಳನ್ನು ಹೋಲಿಸಿ ಕಾಲಿನ ರಕ್ತಸಂಚಾರವನ್ನು ಅರಿಯಬಹುದೆಂದು ಅಮೆರಿಕದ ವಿನ್ಸರ್ 1950ರಲ್ಲೇ ತೋರಿಸಿದರು. ಕಾಲಿನ ಹರಡಿನ ಬಳಿ ಸ್ಟೆತಾಸ್ಕೋಪಿಗೆ ಶಬ್ದ ಸರಿಯಾಗಿ ಕೇಳಿಸದ ಕಾರಣ ಅಲ್ಲಿ ಡಾಪ್ಲರ್ ಎಂಬ ಅಂಗೈಯಗಲದ ಉಪಕರಣ ಬೇಕು. ಅದರ ಲೇಖನಿಯಂಥ ಮೊನೆಯನ್ನು ಧಮನಿಯ ಮೇಲೆ ಇಟ್ಟರೆ ರಕ್ತದ ಓಟ 'ಶ್ಶೂ ಶ್ಶೂ' ಎಂದು ಹೊರಗೇ ಕೇಳಿಸುತ್ತದೆ. ರೋಗಿಗೂ ಕೇಳಿಸುತ್ತದೆಂಬುದು ಇದರ ಒಂದು ಸೊಗಸು. ತನ್ನ ಪಾದದ ನಾಡಿಯನ್ನು ಕಿವಿಯಾರೆ ಕೇಳಿದವರು ಅದನ್ನು ಸುಲಭವಾಗಿ ಮರೆಯಲಾರರು.

ಕ್ರಮ ಸರಳ. ಐದು ಹತ್ತು ನಿಮಿಷ ಅಂಗಾತ ಮಲಗಿ ವಿಶ್ರಮಿಸಬೇಕು. ಎರಡೂ ತೋಳುಗಳ ಸಂಕೋಚನ ಒತ್ತಡವನ್ನು, ಅಂದರೆ ಮೇಲಿನ ಅಂಕಿಯನ್ನು, ತೆಗೆದುಕೊಳ್ಳುತ್ತಾರೆ. ಬಳಿಕ ಒಂದೊಂದು ಕಾಲಿನ ಹರಡಿನ ಮೇಲೆ ಪಟ್ಟಿ ಸುತ್ತಿ, ಪಾದದ ಮೇಲ್ಭಾಗದ ಧಮನಿಯಲ್ಲೂ ಒಳಹರಡಿನ ಹಿಂದಿನ ಧಮನಿಯಲ್ಲೂ ನೋಡುತ್ತಾರೆ. ಕಾಲಿನ ಹೆಚ್ಚಿನ ಅಂಕಿಯನ್ನು ತೋಳಿನ ಹೆಚ್ಚಿನ ಅಂಕಿಯಿಂದ ಭಾಗಿಸಿದರಾಯಿತು. ತೋಳಿನಲ್ಲಿ 140, ಕಾಲಿನಲ್ಲಿ 98 ಬಂದರೆ ಭಾಗಲಬ್ಧ 0.70. ಆರೋಗ್ಯವಂತರಲ್ಲಿ ಇದು 1ಕ್ಕೆ ಸಮ ಅಥವಾ ತುಸು ಹೆಚ್ಚು. 0.90 ಅಥವಾ ಅದಕ್ಕಿಂತ ಕಡಿಮೆಯಾದರೆ ಧಮನಿ ಕಿರಿದಾಗಿದೆಯೆಂದು ಅರ್ಥ, 0.40ಕ್ಕಿಂತ ಕೆಳಗಿಳಿದರೆ ಸ್ಥಿತಿ ಗಂಭೀರ.

ಇಲ್ಲೊಂದು ಮೋಸವಿದೆ; ಮಧುಮೇಹಿಗಳು ಇದನ್ನು ವಿಶೇಷವಾಗಿ ತಿಳಿದಿರಬೇಕು. ಬಹುಕಾಲದ ಮಧುಮೇಹದಲ್ಲಿ ಧಮನಿಯ ನಡುಗೋಡೆಯಲ್ಲಿ ಸುಣ್ಣದಂಶ ಸೇರಿ ಅದು ಕೊಳವೆಯಂತೆ ಗಡುಸಾಗುತ್ತದೆ. ಪಟ್ಟಿ ಎಷ್ಟು ಬಿಗಿದರೂ ಅದು ಅದುಮುವುದಿಲ್ಲ. ಆಗ ತೋಳಿನಲ್ಲಿ 150 ಇದ್ದು ಕಾಲಿನಲ್ಲಿ 225 ತೋರಿಸಬಹುದು. ಭಾಗಲಬ್ಧ 1.50! ಕಾಲಿಗೆ ರಕ್ತ ಧಾರಾಳವಾಗಿದೆಯೆಂದು ಹಿಗ್ಗುವಂತಿಲ್ಲ. 1.40ನ್ನು ಮೀರಿದ ಅಂಕಿಯೂ ರೋಗದ ಸೂಚನೆಯೇ. ಇದಕ್ಕಿಂತ ಕಷ್ಟದ್ದೆಂದರೆ, ಕಿರಿದಾಗುವಿಕೆಯೂ ಗಡುಸುತನವೂ ಒಂದನ್ನೊಂದು ಸರಿದೂಗಿಸಿ 1.05ರಂಥ ಅಮಾಯಕ ಅಂಕಿ ಬರುವುದು. ಅದಕ್ಕಾಗಿ ತಜ್ಞರು ಹೆಬ್ಬೆರಳಿಗೆ ಪುಟ್ಟ ಪಟ್ಟಿ ಸುತ್ತಿ ಅಲ್ಲಿನ ಒತ್ತಡವನ್ನೂ ನೋಡುತ್ತಾರೆ. ಬೆರಳಿನ ಸಣ್ಣ ಧಮನಿಗಳಿಗೆ ಈ ಸುಣ್ಣದ ಬಾಧೆ ಕಡಿಮೆ. ಹುಣ್ಣಿರುವವರಲ್ಲಿ ಹೆಬ್ಬೆರಳಿನ ಒತ್ತಡ 30ಕ್ಕಿಂತ ಕೆಳಗಿದ್ದರೆ ವಿಳಂಬವಿಲ್ಲದೆ ರಕ್ತನಾಳದ ಶಸ್ತ್ರವೈದ್ಯರನ್ನು ಕಾಣಬೇಕು.

ಆಕ್ಷೇಪಗಳಿಲ್ಲದೆ ಇಲ್ಲ. ಯಾವ ತೊಂದರೆಯೂ ಕಾಣದವರಿಗೆಲ್ಲ ಈ ಪರೀಕ್ಷೆ ಮಾಡುವುದರಿಂದ ಲಾಭವಿದೆಯೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ರೋಗತಡೆ ಸಲಹಾ ಮಂಡಳಿ 2018ರಲ್ಲಿ ಹೇಳಿತು. ಚೆನ್ನೈ ನಗರದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಧುಮೇಹಿಗಳಲ್ಲಿ ಕಾಲಿನ ಧಮನಿರೋಗ ಕಂಡದ್ದು ನೂರಕ್ಕೆ 6.3ರಷ್ಟು ಜನರಲ್ಲಿ ಮಾತ್ರ. ಪಾಶ್ಚಾತ್ಯರಿಗಿಂತ ಇದು ಕಡಿಮೆ. ಎರಡೂ ಮಾತುಗಳನ್ನು ಗೌರವದಿಂದಲೇ ಕೇಳಬೇಕು. ಆದರೆ ಚೆನ್ನೈನ ಅದೇ ಅಧ್ಯಯನದಲ್ಲಿ ಮಧುಮೇಹವಿಲ್ಲದವರ ಪ್ರಮಾಣ 2.7, ಅಂದರೆ ಮಧುಮೇಹಿಗಳಿಗೆ ಇಮ್ಮಡಿಗೂ ಮೀರಿದ ಅಪಾಯ. ಇಲ್ಲಿ ಕೇಳುತ್ತಿರುವುದು ಶಿಬಿರಕ್ಕೆ ಬಂದವರೆಲ್ಲರಿಗೂ ಪರೀಕ್ಷೆಯಾಗಬೇಕೆಂದಲ್ಲ. ವಯಸ್ಸು 65 ದಾಟಿದ ಮಧುಮೇಹಿಗಳು, ಹತ್ತು ವರ್ಷ ಮೀರಿ ಕಾಯಿಲೆಯಿರುವವರು, ಕಣ್ಣು ಅಥವಾ ಮೂತ್ರಪಿಂಡ ಈಗಾಗಲೇ ಕೆಟ್ಟವರು, ಪಾದದಲ್ಲಿ ಜೋಮು ಹುಣ್ಣುಗಳಿರುವವರು, ಬೀಡಿ ಸಿಗರೇಟಿನ ಚಟದವರು, ಇಷ್ಟು ಜನರಿಗಾದರೆ ಸಾಕು. ನಡೆಯುವಾಗ ಮೀನಖಂಡ ಹಿಡಿಯುವವರಿಗಂತೂ ಇದು ಶಿಬಿರಕ್ಕಾಗಿ ಕಾಯುವ ವಿಷಯವೇ ಅಲ್ಲ.

ಮತ್ತೊಂದು ಕಾರಣವೂ ಉಂಟು. ಕಾಲಿನಲ್ಲಿ ಕಿರಿದಾದ ಧಮನಿ ಹೃದಯದಲ್ಲಿ ಅಗಲವಾಗಿರುವುದು ಅಪರೂಪ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಈ ಅಂಕಿ 0.90 ಅಥವಾ ಅದಕ್ಕೂ ಕಡಿಮೆ ಇರುವವರಲ್ಲಿ ಹತ್ತು ವರ್ಷಗಳೊಳಗೆ ಹೃದ್ರೋಗದಿಂದ ಸಾಯುವ ಸಂಭವ ಸುಮಾರು ಎರಡರಷ್ಟು. ಮೊದಲೇ ತಿಳಿದರೆ ತಂಬಾಕು ಬಿಡಿಸುವುದು, ಕೊಬ್ಬಿನ ಹಾಗೂ ರಕ್ತ ಹೆಪ್ಪುಗಟ್ಟದಿರಲು ಕೊಡುವ ಔಷಧಿಗಳ ವಿಚಾರ, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಕ್ರಮಬದ್ಧ ಅಭ್ಯಾಸ, ಇವೆಲ್ಲಕ್ಕೂ ವೇಳೆ ಸಿಗುತ್ತದೆ. ಬೆಂಚು ಹುಡುಕುವ ಹಿರಿಯರು ನಡಿಗೆಯನ್ನೇ ಬಿಟ್ಟು ಮನೆಯಲ್ಲಿ ಕೂರುವುದು ತಪ್ಪು ಚಿಕಿತ್ಸೆ.

ಇದಕ್ಕೆ ತಗಲುವ ವೆಚ್ಚ? ಡಾಪ್ಲರ್ ಉಪಕರಣಕ್ಕೆ ಕೆಲವು ಸಾವಿರ ರೂಪಾಯಿ, ಒಮ್ಮೆ ಕೊಂಡರೆ ಬಹುಕಾಲ ಬಾಳುತ್ತದೆ. ರಾಜ್ಯೋತ್ಸವದ ವೇದಿಕೆಗೆ ಹೂವಿನ ಅಲಂಕಾರವನ್ನು ಒಂದು ವರ್ಷ ಹಗುರ ಮಾಡಿದರೆ ಯಾರೂ ಮುನಿಸಿಕೊಳ್ಳಲಾರರು. ಕಷ್ಟವಿರುವುದು ಹಣದಲ್ಲಲ್ಲ, ತರಬೇತಿ ಪಡೆದ ಕೈಗಳಲ್ಲಿ ಮತ್ತು ಸಮಯದಲ್ಲಿ. ಒಬ್ಬರಿಗೆ ಕಾಲು ಗಂಟೆ ಬೇಕು. ಸಾಲಿನಲ್ಲಿ ನಿಲ್ಲಿಸಿ ಅವಸರದಿಂದ ಮಾಡಿದರೆ ಬರುವ ಅಂಕಿಗೆ ಬೆಲೆಯಿಲ್ಲ. ಅಸಹಜವೆಂದು ಕಂಡವರನ್ನು ಚೀಟಿ ಕೊಟ್ಟು ಕೈತೊಳೆದುಕೊಳ್ಳದೆ, ಏಮ್ಸ್ ಅಥವಾ ಸಫ್ದರ್‌ಜಂಗ್ ಆಸ್ಪತ್ರೆಯ ಹೊರರೋಗಿ ವಿಭಾಗದವರೆಗೆ ಕರೆದೊಯ್ಯಲು ಇಬ್ಬರು ಯುವಕರು ಮುಂದೆ ಬರಬೇಕು. ಹಿಂದಿ ಬಾರದ ತಾಯಂದಿರಿಗೆ ಅಲ್ಲಿನ ಕಿಟಕಿಗಳ ಮುಂದೆ ಕನ್ನಡದ ಒಂದು ಮಾತು ಔಷಧಿಗೆ ಸಮ.

ಶಿಬಿರವನ್ನು ಜನವರಿಯಲ್ಲಿ ಇಡಬಾರದು. ಚಳಿಗೆ ರಕ್ತನಾಳಗಳು ಮುದುಡಿ ಅಂಕಿ ಕೆಡುತ್ತದೆ. ನವೆಂಬರಿನ ಹಿತವಾದ ದಿನವೊಂದರಲ್ಲಿ, ಲೋಧಿ ಎಸ್ಟೇಟಿನ ಕನ್ನಡ ಶಾಲೆಯಂಥ ಪರಿಚಿತ ಸ್ಥಳದಲ್ಲಿ ನಾಲ್ಕು ಮಂಚಗಳನ್ನು ಹಾಕಿದರೆ ಸಾಕು. ತೆರೆದ ಹುಣ್ಣಿರುವ ಜಾಗದ ಮೇಲೆ, ಹೆಪ್ಪುಗಟ್ಟಿ ಊದಿದ ಕಾಲಿನ ಮೇಲೆ ಪಟ್ಟಿ ಬಿಗಿಯಬಾರದು. ಅಂಥವರನ್ನು ನೇರವಾಗಿ ಆಸ್ಪತ್ರೆಗೇ ಕಳುಹಿಸಬೇಕು. ಮಹಿಳೆಯರಿಗೆ ಪರದೆಯೂ ದಾದಿಯೂ ಬೇಕು, ಇಲ್ಲವಾದರೆ ಹಿರಿಯ ಹೆಂಗಸರು ಕಾಲು ಮುಂದೆ ಚಾಚಲಾರರು. ಕಾಲುಂಗುರ ತೆಗೆಯಬೇಕಾದೀತೆಂಬ ಅಳುಕು ಕೆಲವರಿಗಿರಬಹುದು. ತೆಗೆಯಬೇಕಾಗಿಲ್ಲ. ಅದಿರುವುದು ಎರಡನೆಯ ಬೆರಳಿನಲ್ಲಿ. ಒತ್ತಡ ನೋಡುವುದು ಹೆಬ್ಬೆರಳಿನಲ್ಲಿ.