ಬೋರ್ಡು ಎಂಬ ಪದ

ಆಂಗ್ಲ ಭಾಷೆಯ 'ಬೋರ್ಡ್' ಎಂಬ ಪದವು ಬೀದರ, ಭಾಲ್ಕಿ, ಔರಾದ ಕಡೆಯ ಜನರ ನಾಲಗೆಯ ಮೇಲೆ ಉಕಾರಾಂತವಾಗಿ 'ಬೋರ್ಡು' ಎಂದು ನೆಲೆಗೊಂಡು ಬಹುಕಾಲವಾಯಿತು. ಡಾಬಕಾದಂತಹ ಗಡಿಗ್ರಾಮದಲ್ಲಿಯೂ ಬಸ್ಸಿಗೆ ಕಾದವರು ನೋಡುವುದು ಬೋರ್ಡು. ಗುರುಗಳು ಬರೆಯುವುದು ಬೋರ್ಡಿನ ಮೇಲೆ. ಹತ್ತನೆಯ ತರಗತಿಯ ವಿದ್ಯಾರ್ಥಿ ಅಂಜುವುದು ಬೋರ್ಡಿನ ಪರೀಕ್ಷೆಗೆ.

ಮೂಲದಲ್ಲಿ ಅದಕ್ಕೆ ಮರದ ಹಲಗೆಯೆಂದೇ ಅರ್ಥ. ಹಲಗೆಯಿಂದ ಮೇಜು, ಮೇಜಿನಿಂದ ಅದರ ಮೇಲೆ ಬಡಿಸುವ ಊಟ, ಅದೇ ಮೇಜಿನ ಸುತ್ತ ಕುಳಿತು ಆಲೋಚಿಸುವ ಮಂಡಳಿ, ಹೀಗೆ ಅರ್ಥವು ಬೆಳೆದಿದೆ. ಇದರಲ್ಲಿ ಸೋಜಿಗವೇನೂ ಇಲ್ಲ. ಪಾರಸಿಯ 'ತಖ್ತಾ' ಎಂದರೆ ಹಲಗೆ, ಅದರ ಒಡಹುಟ್ಟಾದ 'ತಖ್ತ್' ಎಂದರೆ ಸಿಂಹಾಸನ. ಬೀದರ ಕೋಟೆಯ ತಖ್ತ ಮಹಲೇ ಸಾಕ್ಷಿ. ಸಂಸ್ಕೃತದ ಫಲಕವು ಮರಾಠಿಯಲ್ಲಿ 'ಫಳಾ' ಆಗಿ ಶಾಲೆಯ ಗೋಡೆಯನ್ನೇರಿತು. ಕನ್ನಡದ ಹಲಗೆಯಾದರೋ ಚರ್ಮವಾದ್ಯವೂ ಆಗಿ ಜಾತ್ರೆಯಲ್ಲಿ ಮೊಳಗುತ್ತದೆ!

ಆದುದರಿಂದ ಬೋರ್ಡು ಎಂದವರನ್ನು ಹಳಿಯುವುದು ತರವಲ್ಲ. 'ಮಾರ್ಗಸೂಚಕ ಫಲಕ'ವೆಂದು ಉಚ್ಚರಿಸಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. 'ಬೋರ್ಡಿಂಗ್' ಎಂಬಲ್ಲಿ ಮಾತ್ರ ವಿವೇಕ ಬೇಕು. ಮಠಗಳು ವಿದ್ಯಾರ್ಥಿಗಳಿಗೆ ಅನ್ನ, ಆಶ್ರಯವಿತ್ತ ಮನೆಗೆ 'ಪ್ರಸಾದ ನಿಲಯ'ವೆಂಬ ಹೆಸರಿದೆ. ಬೋರ್ಡಿಂಗಿನ ಊಟಕ್ಕೆ ಬೆಲೆ ಕಟ್ಟಬಹುದು, ಪ್ರಸಾದಕ್ಕೆ ಕಟ್ಟಲಾಗದು. ಜೋಳದ ಚೀಲ ಹೊತ್ತು ತಂದ ರೈತನೂ ಉಂಡ ಬಾಲಕನೂ ಆ ಹೆಸರಿನಲ್ಲಿ ಒಂದೇ ಪಂಕ್ತಿಯವರು. ರಶೀದಿಯ ಮೇಲೆ 'ಬೋರ್ಡಿಂಗ್ ಚಾರ್ಜು' ಎಂದು ಅಚ್ಚು ಹಾಕಿಸುವವರು ಪದದೊಡನೆ ಆ ಸಂಬಂಧವನ್ನೂ ಬದಲಿಸುತ್ತಾರೆ.

ಇನ್ನು ಹೊರಗೋಡೆಯ ಬೋರ್ಡು. ನಿಜಾಮರ ಆಳ್ವಿಕೆಯಲ್ಲಿ ಉರ್ದುವಿನದೇ ಮೇಲುಗೈಯಾಗಿದ್ದಾಗ ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದರು. 1956ರಲ್ಲಿ ಬೀದರವು ಕನ್ನಡನಾಡಿನೊಡನೆ ಕೂಡಿದ ಮೇಲೆ ಆ ಉಪಾಯದ ಅಗತ್ಯ ಉಳಿಯಲಿಲ್ಲ. 2024ರ ತಿದ್ದುಪಡಿ ಕಾಯಿದೆಯು ಅಂಗಡಿ, ಸಂಸ್ಥೆಗಳ ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು ವಿಧಿಸಿದೆ. ಒಳ್ಳೆಯದೇ. ಆದರೆ ಕಾಯಿದೆಯ ಅಳತೆಗೋಲು ಹೊರಗೋಡೆಗಷ್ಟೇ ನಿಲುಕುತ್ತದೆ. ದಪ್ಪ ಕನ್ನಡಾಕ್ಷರಗಳ ಬೋರ್ಡಿನ ಕೆಳಗೆ ಹಾದು ಒಳಹೊಕ್ಕ ಮಗುವಿಗೆ ಕನ್ನಡದ ಮಾತೇ ತಪ್ಪೆನಿಸುವಂತಾದರೆ ಪಟ್ಟದ್ದೇವರ ಉಪಾಯವನ್ನು ತಲೆಕೆಳಗು ಮಾಡಿದಂತಾಯಿತು. ಶಾಲೆಗಳ ಆಡಳಿತ ಮಂಡಳಿಗಳು, ಅವೂ ಬೋರ್ಡುಗಳೇ ತಾನೆ, ಬಣ್ಣ ಬಳಿಯುವವನಿಗೆ ಹಣ ಮಂಜೂರು ಮಾಡುವ ಸಭೆಯಲ್ಲಿಯೇ ಇನ್ನೊಂದು ವಿಷಯವನ್ನೂ ವಿಚಾರಿಸಲಿ: ಒಳಗಿನ ಕಪ್ಪುಹಲಗೆಯ ಮೇಲೆ ದಿನಕ್ಕೆ ಎಷ್ಟು ಸಾಲು ಕನ್ನಡ ಬೀಳುತ್ತಿದೆ?